ಟಿಕೆಟ್ಟಿನಲ್ಲಿಲ್ಲದ ಗಂಟೆಗಳು

ರಜೆಗೆ ಬಂದ ಮೊಮ್ಮಗ ವೇಗ, ದೂರ, ಕಾಲದ ಲೆಕ್ಕ ಹೊಸದಾಗಿ ಕಲಿತಿದ್ದಾನೆ. "ಒಂದು ಲೆಕ್ಕ ಕೊಡು ಅಜ್ಜ" ಎಂದ.

"ಮಂಗಳೂರು, ಮುಂಬಯಿ ವಿಮಾನ ನಿಲ್ದಾಣಗಳ ನಡುವೆ ಆಕಾಶದಲ್ಲಿ ಸುಮಾರು 700 ಕಿ.ಮೀ. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದಿಟ್ಟುಕೋ. ಎಷ್ಟು ಹೊತ್ತು ಬೇಕು?"

"ಐವತ್ತೆರಡೂವರೆ ನಿಮಿಷ!"

ಲೆಕ್ಕ ಸರಿ. ಆದರೆ ಟಿಕೆಟ್ಟಿನಲ್ಲಿ ಸುಮಾರು ಒಂದೂವರೆ ಗಂಟೆ ಎಂದಿರುತ್ತದೆ. ಉಳಿದ ಸಮಯ ಎಲ್ಲಿ ಹೋಯಿತು?

ಮಕ್ಕಳೇ, ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಇಳಿದು ನಿಲ್ಲುವವರೆಗಿನ ಸಮಯವನ್ನು ಟಿಕೆಟ್ಟಿನಲ್ಲಿ ಹಾಕುತ್ತಾರೆ. ಅದು ನೆಲದ ಮೇಲೆ ಮೆಲ್ಲಗೆ ಉರುಳಿ ರನ್‌ವೇಗೆ ಹೋಗಬೇಕು. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ಮುಂಬಯಿಯಂಥ ಗದ್ದಲದ ನಿಲ್ದಾಣದಲ್ಲಿ ಇಳಿಯಲು ಸರದಿ ಕಾಯುತ್ತ ಆಕಾಶದಲ್ಲೇ ಸುತ್ತಬೇಕಾದೀತು. ಎದುರುಗಾಳಿ ಇದ್ದರೆ ಇನ್ನಷ್ಟು ತಡ.

ಹೆಚ್ಚುಕಡಿಮೆ ಇಷ್ಟೇ ದೂರದಲ್ಲಿ ಯುರೋಪಿನ ಎರಡು ನಿಲ್ದಾಣಗಳಿವೆ: ಲಂಡನ್ನಿನ ಹೀಥ್ರೋ ಮತ್ತು ಜರ್ಮನಿಯ ಫ್ರಾಂಕ್‌ಫರ್ಟ್. ನಡುವೆ ಸುಮಾರು 650 ಕಿ.ಮೀ. ಪ್ರಯಾಣಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಲಂಡನ್ನಿನಿಂದ 10 ಗಂಟೆಗೆ ಹೊರಟರೆ ಫ್ರಾಂಕ್‌ಫರ್ಟ್ ತಲುಪುವಾಗ ಅಲ್ಲಿನ ಗಡಿಯಾರದಲ್ಲಿ 12:30! ಮರಳಿ 2 ಗಂಟೆಗೆ ಹೊರಟರೆ ಲಂಡನ್ನಿನಲ್ಲಿ ಬರೀ 2:30! ಜರ್ಮನಿಯ ಗಡಿಯಾರ ಒಂದು ಗಂಟೆ ಮುಂದಿರುವುದೇ ಈ ಚಮತ್ಕಾರಕ್ಕೆ ಕಾರಣ.

ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ. ಹಾಗಾಗಿ ಇಲ್ಲಿ ಆ ತೊಡಕಿಲ್ಲ. ಆದರೆ ಕೊಡಗಿನವರ ಲೆಕ್ಕ ತಪ್ಪುವುದು ಆಕಾಶದಲ್ಲಲ್ಲ, ನೆಲದ ಮೇಲೆ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. 2018ರ ಡಿಸೆಂಬರಿನಲ್ಲಿ ಕೇರಳದ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ವಿರಾಜಪೇಟೆ ಕಡೆಯವರಿಗೆ ಅನುಕೂಲವಾಯಿತು. ಆದರೂ ಮಂಗಳೂರಿಗೆ ಹೋಗಲಿ, ಕಣ್ಣೂರಿಗೆ ಹೋಗಲಿ, ಮೊದಲು ಘಾಟಿ ಇಳಿಯಬೇಕು.

ಇದೇ ಮೊಮ್ಮಗನ ನಾಮಕರಣಕ್ಕೆ ಮುಂಬಯಿಗೆ ಹೊರಟಿದ್ದೆವು. ಜುಲೈ ತಿಂಗಳು. ಮಂಗಳೂರಿನಿಂದ ಮಧ್ಯಾಹ್ನ 2 ಗಂಟೆಯ ವಿಮಾನ. ದಾರಿಗೆ ನಾಲ್ಕು ಗಂಟೆ ಸಾಕೆಂದು ಮಡಿಕೇರಿಯಿಂದ ಎಂಟೂವರೆಗೆ ಹೊರಟೆವು. ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ಒಂದೂವರೆ ಗಂಟೆ ರಸ್ತೆ ಬಂದ್. ನಿಲ್ದಾಣದ ಬಾಗಿಲಿಗೆ ಬಂದಾಗ ಗಂಟೆ ಎರಡಾಗಿತ್ತು. ಮಗುವಿಗೆಂದು ಮಾಡಿಸಿದ ಬೆಳ್ಳಿಯ ಉಡಿದಾರ ಅಜ್ಜಿಯ ಮಡಿಲಲ್ಲಿತ್ತು. ಅವಳು ಒಂದು ಮಾತೂ ಆಡಲಿಲ್ಲ. ಮರುದಿನ ನಾವು ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಆಗಿತ್ತು.

ಬ್ಯಾಂಕಿನಲ್ಲಿ ಇದ್ದಷ್ಟು ದಿನ ಪೈಸೆ ಪೈಸೆಗೂ ಲೆಕ್ಕ ಸರಿಹೊಂದಿಸಿದವನು ನಾನು. ಅಂದು ಮಳೆಯನ್ನು ಕೂಡಿಸಲು ಮರೆತಿದ್ದೆ.

ಈಗ ಮಳೆಗಾಲದಲ್ಲಿ ವಿಮಾನವೆಂದರೆ ಹಿಂದಿನ ದಿನವೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿಯುತ್ತೇವೆ. ಕಥೆ ಕೇಳಿದ ಮೊಮ್ಮಗ ತನ್ನ ಉತ್ತರದ ಕೆಳಗೆ ಇನ್ನೊಂದು ಸಾಲು ಬರೆದ: "ಮಳೆ ಬಂದರೆ ಒಂದು ದಿನ."

ನಿಮ್ಮ ಮನೆ ಬಾಗಿಲಿನಿಂದ ಲೆಕ್ಕ ಹಾಕಿ ನೋಡಿ ಮಕ್ಕಳೇ, ಎಷ್ಟು ಬರುತ್ತದೆ?