ಎಳೆ ಮರಿಯ ಹೊಟ್ಟೆ ಮತ್ತು ಅಂಗಡಿಯ ಪುಡಿ



ನಮ್ಮ ಅಸಂಗಿ ಸೇರಿದ ಜತ್ತ ತಾಲೂಕು ಮಳೆ ಕಡಿಮೆ ಬೀಳುವ ಸೀಮೆ. ಬೆಳೆ ಕೈಕೊಟ್ಟ ವರ್ಷ ಮನೆಗೆ ಆಸರೆಯಾಗುವುದು ಕುರಿ, ಆಡುಗಳೇ. ಉಬ್ಬಿದ ಮೂಗಿನ, ಎತ್ತರದ ಮಾಡಗ್ಯಾಳ ಕುರಿಗೆ ಇದೇ ತಾಲೂಕಿನ ಊರೊಂದರ ಹೆಸರಿದೆ. ಒಳ್ಳೆಯ ಮರಿಗೆ ಒಳ್ಳೆಯ ಬೆಲೆಯೂ ಇದೆ. ಆದುದರಿಂದ ಮರಿ ಬೇಗ ಮೈತುಂಬಿಕೊಳ್ಳಲೆಂದು ಪುಡಿ, ಟಾನಿಕ್ಕು ತರುವ ಆಸೆ ಸಹಜ. ತರುವ ಮೊದಲು ಚೀಲದ ಮೇಲೆ ಯಾವ ಪ್ರಾಣಿಯ ಹೆಸರಿದೆ ಎಂದು ಓದಿ ನೋಡೋಣ.

ಹಂದಿಮರಿಗಳಿಗೆ ಹಾಲು ಬಿಡಿಸಿದಾಗ ಭೇದಿ ಬರದಿರಲೆಂದು, ಬೆಳವಣಿಗೆ ಚುರುಕಾಗಲೆಂದು ಅವುಗಳ ಆಹಾರದಲ್ಲಿ ತಾಮ್ರವನ್ನು ಹೆಚ್ಚಾಗಿ ಬೆರೆಸುವುದುಂಟು. ಹಂದಿಗೆ ಅದು ಒಗ್ಗುತ್ತದೆ, ಕುರಿಗೆ ವಿಷ. ಒಂದು ಕಿಲೋ ಆಹಾರದಲ್ಲಿ ತಾಮ್ರ 25 ಮಿಲಿಗ್ರಾಂ ದಾಟಿದರೆ ಕುರಿಗೆ ಅಪಾಯ. ಅದು ವಾರಗಟ್ಟಲೆ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡಿಕೊಂಡು, ಒಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕೆಂಪುಗಪ್ಪಾಗಿ, ಎರಡು ಮೂರು ದಿನದಲ್ಲಿ ಕುರಿ ಸಾಯಬಹುದು. ಆದ್ದರಿಂದ ಹಂದಿ, ಕೋಳಿಗಳ ಆಹಾರವನ್ನಾಗಲಿ ಪುಡಿಯನ್ನಾಗಲಿ ಕುರಿಗೆ ಹಾಕಲೇಬಾರದು. ಕುರಿಗೆಂದೇ ತಯಾರಿಸಿದ ಖನಿಜ ಮಿಶ್ರಣವನ್ನು ಮಾತ್ರ ಕೊಡಬೇಕು.

ಮರಿಯ ಕರುಳಿಗೆ ಮೊದಲ ಮದ್ದು ಗಿಣ್ಣದ ಹಾಲು. ಹೊಟ್ಟೆಯಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಹುಟ್ಟಿದ ಮೇಲೆ ಗಿಣ್ಣದ ಮೂಲಕವೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಸುಮಾರು 24 ಗಂಟೆಯೊಳಗೆ ಮುಚ್ಚುತ್ತದೆ. ಮೂರು ಕಿಲೋ ತೂಕದ ಮರಿಗೆ ಮೊದಲ ಒಂದೆರಡು ಗಂಟೆಯಲ್ಲಿ 150 ಮಿಲಿಲೀಟರ್, ದಿನ ತುಂಬುವುದರೊಳಗೆ 600 ಮಿಲಿಲೀಟರ್ ಸಿಗಬೇಕು. ಈ ಹಾಲು ತಪ್ಪಿದ ಮರಿಗೆ ಮುಂದೆ ಯಾವ ಪುಡಿ ಹಾಕಿದರೂ ಆ ಕೊರತೆ ತುಂಬದು.

ಎರಡು ವಾರಕ್ಕೆ ಮರಿ ಸೊಪ್ಪು, ಮೇವು ಕಡಿಯಲು ತೊಡಗುತ್ತದೆ. ಮೆಲುಕು ಹಾಕುವ ಹೊಟ್ಟೆ ಬೆಳೆಯಲು ಆರೆಂಟು ವಾರ ಬೇಕು. ಆದುದರಿಂದ ಒಳ್ಳೆಯ ಮೇವಿನ ಜೊತೆಗೆ ಜೋಳದ ನುಚ್ಚು, ಶೇಂಗಾ ಹಿಂಡಿಗಳನ್ನು ಚಿಟಿಕೆಯಿಂದ ಆರಂಭಿಸಿ, ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ಒಮ್ಮೆಲೇ ಕಾಳು ತಿಂದರೆ, ಇಲ್ಲವೆ ಮೊದಲ ಮಳೆಯ ಎಳೆಹುಲ್ಲನ್ನು ಹೊಟ್ಟೆಬಿರಿಯೆ ಮೇಯ್ದರೆ ಕರುಳಿನಲ್ಲಿರುವ ರೋಗಾಣುಗಳು ವಿಪರೀತ ಹೆಚ್ಚಿ ವಿಷ ಕಾರುತ್ತವೆ. ಇದೇ ಕರುಳುಬೇನೆ. ಇದು ಹೆಚ್ಚಾಗಿ ಹಿಂಡಿನ ದಷ್ಟಪುಷ್ಟ ಮರಿಯನ್ನೇ ಮೊದಲು ಒಯ್ಯುತ್ತದೆ. ಪಶು ದವಾಖಾನೆಯಲ್ಲಿ ಕೇಳಿ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಲಸಿಕೆ ಹಾಕಿಸಬೇಕು. ಮೊದಲ ಸಲ ಹಾಕಿಸುವವರು 15 ದಿನ ಬಿಟ್ಟು ಎರಡನೆಯ ಸೂಜಿಯನ್ನು ಮರೆಯಬಾರದು.

ಮರಿ ಉಚ್ಚಿಕೊಳ್ಳುತ್ತಿದ್ದರೆ ತಾಯಿಹಾಲು ಬಿಡಿಸಬೇಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ನಡುನಡುವೆ ಸ್ವಲ್ಪಸ್ವಲ್ಪ ಕುಡಿಸಿ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಹಿಕ್ಕೆಯನ್ನು ಪರೀಕ್ಷೆಗೆ ಒಯ್ಯಿರಿ. ಆ ರೋಗಕ್ಕೆ ಮದ್ದೇ ಬೇರೆ. ದಡ್ಡಿಯ ನೆಲ ಒಣಗಿರಲಿ, ನೀರಿನ ತೊಟ್ಟಿ ಶುಚಿಯಾಗಿರಲಿ.

ಕುರಿ ಕಾಯುವ ಮಕ್ಕಳಿಗೂ, ಮೇವು ಹಾಕುವ ಹಿರಿಯರಿಗೂ ಈ ಮಾತು ತಿಳಿಸಿರಿ. ಓದಲು ಬಾರದವರು ಚೀಲವನ್ನು ಬಲ್ಲವರಿಗೆ ತೋರಿಸಿ, ಕೇಳಿಕೊಂಡೇ ಬಿಚ್ಚಲಿ.