ಕೊರೆಯುವ ಮೊದಲು ಹಿಡಿಯಬೇಕು

ಕುಂದಗೋಳದ ಆ ಲೇತ್ ಅಂಗಡಿಯ ಬಾಗಿಲಲ್ಲೇ ಟ್ರ್ಯಾಲಿಯ ಪಿನ್ನು, ರೋಟಾವೇಟರ್ ಶಾಫ್ಟು, ಸವೆದ ಬುಶ್ಶುಗಳ ರಾಶಿ ಬಿದ್ದಿತ್ತು. ಕೆಲವಕ್ಕೆ ಎರೆಮಣ್ಣು ಇನ್ನೂ ಅಂಟಿಕೊಂಡಿತ್ತು. ಒಂದು ಸಾಮಾನು ಇನ್ನೊಂದರ ಹಾಗಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಒಂದೇ ಅಳತೆಯ ಸಾವಿರ ತುಂಡುಗಳನ್ನು ಒಂದೇ ಬಗೆಯಲ್ಲಿ ಹಿಡಿದರೆ ಮುಗಿಯಿತು. ಇಲ್ಲಿ ಪ್ರತಿಯೊಂದನ್ನೂ ಹೊಸದಾಗಿ ಹಿಡಿಯಬೇಕು. ಅದನ್ನು ನೋಡಲೆಂದೇ ಒಳಗೆ ಹೋದೆ.

ಎಡಕ್ಕೆ ಮೇಜಿನ ಮೇಲೆ ವೈಸ್. ಅದರ ದವಡೆಗಳಿಗೆ ಅಲ್ಯೂಮಿನಿಯಂ ತಗಡು ಮಡಚಿ ಹೊದಿಸಿದ್ದರು. ಇಲ್ಲದಿದ್ದರೆ ವೈಸಿನ ಗೀರುಗಳು ಬೋಲ್ಟಿನ ಥ್ರೆಡ್ಡನ್ನೇ ಜಜ್ಜಿಬಿಡುತ್ತವೆ.

ಮುಂದೆ ಲೇತ್. ಬಣ್ಣ ಬಳಿದು ಬಳಿದು ತಯಾರಕರ ಹೆಸರು ಮುಚ್ಚಿಹೋಗಿತ್ತು. ಹರಿಹರದ್ದಿರಬಹುದು ಅನ್ನಿಸಿತು, ಖಚಿತವಾಗಿ ಹೇಳಲಾರೆ. ಅಲ್ಲಿ 1940ರ ದಶಕದಿಂದಲೇ ಲೇತ್‌ಗಳು ತಯಾರಾಗುತ್ತಿದ್ದವು. ಅದರ ತಲೆಗೆ ಮೂರು ದವಡೆಯ ಚಕ್. ಚಾವಿ ತಿರುವಿದರೆ ಮೂರೂ ದವಡೆಗಳು ಒಟ್ಟಿಗೆ ನಡುವಿಗೆ ಸರಿಯುತ್ತವೆ. ಚಕ್ಕಿನೊಳಗಿನ ತಟ್ಟೆಯ ಮೇಲೆ ಸುರುಳಿಯಾಕಾರದ ಏಣು ಇದೆ, ದವಡೆಗಳ ಬೆನ್ನಿನ ಹಲ್ಲುಗಳು ಅದರಲ್ಲಿ ಕೂತಿರುತ್ತವೆ. ದವಡೆಗಳ ಮೇಲೆ 1, 2, 3 ಎಂದು ಕೊರೆದಿತ್ತು. ಸುರುಳಿ ಹೊರಳುತ್ತ ಹೋದಂತೆ ನಡುವಿನಿಂದ ಅದರ ದೂರ ಬದಲಾಗುವುದರಿಂದ ಮೂರರ ಹಲ್ಲುಗಳೂ ಬೇರೆ ಬೇರೆ ಜಾಗದಲ್ಲಿವೆ. ಕ್ರಮ ತಪ್ಪಿಸಿ ಹಾಕಿದರೆ ನಡುವೇ ತಪ್ಪುತ್ತದೆ.

ಮಿಸ್ತ್ರಿ ತೆಳ್ಳಗಿನ ಬುಶ್ ಒಂದನ್ನು ಎತ್ತಿಕೊಂಡರು. ನೇರವಾಗಿ ಚಕ್ಕಿಗೆ ಹಾಕಲಿಲ್ಲ. ಒಂದು ಕಡೆ ಸೀಳಿದ ದಪ್ಪ ರಿಂಗಿನೊಳಗೆ ಕೂರಿಸಿ ಬಿಗಿದರು. ಮೂರೇ ಕಡೆ ಒತ್ತಿದರೆ ಬುಶ್ ತುಸು ಮುಮ್ಮೂಲೆಯಾಗುತ್ತದೆ. ಹಾಗೇ ಒಳಗೆ ದುಂಡಗೆ ಕೊರೆದರೂ ಸಡಿಲಿಸಿದ ಮೇಲೆ ತೂತು ದುಂಡಗೆ ಉಳಿಯುವುದಿಲ್ಲ. ರಿಂಗ್ ಇದ್ದರೆ ಒತ್ತಡ ಸುತ್ತಲೂ ಹರಡುತ್ತದೆ. ಇಡೀ ಅಂಗಡಿಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಸೀಳು ರಿಂಗೇ.

ಬಿಗಿದ ಕೂಡಲೇ ಚಾವಿ ತೆಗೆದು ಗೋಡೆಯ ಮೊಳೆಗೆ ಹಾಕಿದರು. "ಚಾವಿ ಒಂದ ಕೈಯಾಗ ಇರಬೇಕ್ರಿ, ಇಲ್ಲಾಂದ್ರ ಮೊಳಿಗೆ. ಚಕ್ಕಿನಾಗ ಬಿಟ್ಟು ಮಶಿನ್ ಚಾಲೂ ಮಾಡಿದ್ರ ಹಾರಿ ಎದಿಗೇ ಬಡೀತದ." ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ತಲೆಯಾಡಿಸಿದ.

ಆಮೇಲೆ ಒಂದೇ ಬದಿಗೆ ಸವೆದ ಶಾಫ್ಟಿನ ಸರದಿ. ಅದಕ್ಕೆ ನಾಲ್ಕು ದವಡೆಯ ಚಕ್ ಬೇಕು. ಇದರಲ್ಲಿ ಒಂದೊಂದು ದವಡೆಯೂ ತನ್ನಷ್ಟಕ್ಕೆ ಸರಿಯುತ್ತದೆ. ಶಾಫ್ಟನ್ನು ನಿಧಾನ ತಿರುಗಿಸಿ ಸೀಮೆಸುಣ್ಣ ತಾಗಿಸಿದರು. ಉಬ್ಬಿದ ಕಡೆ ಮಾತ್ರ ಗುರುತು ಬಿತ್ತು. ಎದುರಿನ ದವಡೆ ಸಡಿಲಿಸಿ ಗುರುತಿನ ಕಡೆಯದನ್ನು ಬಿಗಿದರು, ಮತ್ತೆ ತಿರುಗಿಸಿದರು. ಗುರುತು ಸುತ್ತಲೂ ಸಮನಾಗಿ ಬೀಳುವ ತನಕ ಇದೇ ನಡೆಯಿತು. ಕೊರೆಯಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಯಿತು. ಈ ಹೊತ್ತಿಗೂ ಮಜೂರಿ ಸಲ್ಲಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಲೇತಿನ ಇನ್ನೊಂದು ತುದಿಯಲ್ಲಿ ದಪ್ಪ ಡ್ರಿಲ್ಲು. ಅದನ್ನು ಹಿಡಿಯಲು ಬೋಲ್ಟೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಬುಡ ಮೊನಚಾಗಿದೆ, ಸುಮಾರು 20 ಮಿ.ಮೀ. ಉದ್ದಕ್ಕೆ 1 ಮಿ.ಮೀ.ನಷ್ಟು ಸಣ್ಣದಾಗುತ್ತ ಹೋಗುತ್ತದೆ. ಅದೇ ಇಳಿಜಾರಿನ ತೂತಿಗೆ ನೂಕಿದರೆ ಘರ್ಷಣೆಯಿಂದಲೇ ಕಚ್ಚಿಕೊಳ್ಳುತ್ತದೆ. ಒಳಗೆ ಎಣ್ಣೆಯೋ ಚೂರೋ ಇದ್ದರೆ ಜಾರುತ್ತದೆ. ಅದಕ್ಕೇ ಹುಡುಗ ಪ್ರತಿ ಸಲ ಬಟ್ಟೆಯಿಂದ ಒರೆಸುತ್ತಿದ್ದ.

ಕೊನೆಗೆ ಹಿಂದಿನ ಮೂಲೆಯ ಡ್ರಿಲ್ಲಿಂಗ್ ಮಶಿನ್. ಕೂರಿಗೆಗೆ ಬೇಕಾದ ಪಟ್ಟಿಯನ್ನು ಅದರ ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿದಿದ್ದರು. ಕ್ಲ್ಯಾಂಪಿನ ಹಿಂದಿನ ತುದಿಗೆ ಕಬ್ಬಿಣದ ತುಂಡಿನ ಆಸರೆ, ನಡುವೆ ಬೋಲ್ಟು. ಹುಡುಗ ಬೋಲ್ಟನ್ನು ಆಸರೆಯ ಹತ್ತಿರ ಇಟ್ಟಿದ್ದ. ಮಿಸ್ತ್ರಿ ಅದನ್ನು ಪಟ್ಟಿಯ ಹತ್ತಿರಕ್ಕೆ ಸರಿಸಿದರು. ಬಿಗಿಯುವ ಬಲದ ಹೆಚ್ಚಿನ ಪಾಲು ಆಗ ಪಟ್ಟಿಯ ಮೇಲೆ ಬೀಳುತ್ತದೆ.