ಪ್ಲಂಬರ್‌ಗೆ ರೇಟ್ ಕೇಳೋಕಿಂತ ಮುಂಚೆ

ಕನ್ನಡದಲ್ಲಿ ಟೆಕ್ನಿಕಲ್ ವಿಷಯ ಬರೀತಿರೋದು ನಾನು ಇದೇ ಮೊದಲು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಹಾಗಾಗಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ವಿಷಯ ಮಾತ್ರ ನಮ್ಮೆಲ್ಲರ ಮನೆಯದ್ದು: ನೀರಿನ ಕೆಲಸಕ್ಕೆ ಯಾರನ್ನ ಕರೀಬೇಕು?

ಹೋದ ವರ್ಷ ಮಾನ್ವಿಯಲ್ಲಿ ನಮ್ಮ ಕಾಕಾ ಮನೆಗೆ ಹೊಸ ಬಚ್ಚಲು, ಹೊಸ ನಳದ ಲೈನ್ ಹಾಕಿಸಿದರು. ಮೂರು ಜನ ಬಂದು ರೇಟ್ ಹೇಳಿದ್ರು, ಕಡಿಮೆ ಹೇಳಿದವರಿಗೆ ಕೆಲಸ ಸಿಕ್ತು. ಏನು ಕೇಳಿದ್ರೂ "ನಡೀತದ ಬಿಡ್ರಿ" ಅಂತಿದ್ರು. ಎರಡು ದಿನದಲ್ಲಿ ಪೈಪ್, ಮೂರನೇ ದಿನ ಟೈಲ್ಸ್! ನಮಗೂ ಖುಷಿ.

ನಾಲ್ಕು ತಿಂಗಳಿಗೆ ಗೋಡೆ ತೇವ ಆಯ್ತು. ನಳ ಬಂದಾಗ ಮೊದಲ ಕೊಡದ ನೀರು ವಾಸನೆ ಬರ್ತಿತ್ತು. ಅದೇ ವಾರ ಕಾಕಾನ ಮಗಳಿಗೆ ವಾಂತಿ-ಭೇದಿ ಆಗಿ ಎರಡು ದಿನ ಸಲೈನ್ ಹಚ್ಚಿದ್ರು. ನೀರಿಂದಲೇ ಆಯ್ತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ಆದರೆ ಅಂಗಳ ಅಗೆಸಿದಾಗ ಕಂಡಿದ್ದನ್ನ ನಾನು ಮರೆಯೋದಿಲ್ಲ. ಒಂದೇ ತಗ್ಗಿನಲ್ಲಿ ಮೇಲೆ ಪಾಯಖಾನೆ ಪೈಪ್, ಕೆಳಗೆ ನಳದ ಪೈಪ್. ಎರಡರ ಜಾಯಿಂಟೂ ಸಡಿಲ.

ಇದು ಯಾಕೆ ಅಪಾಯ? ನಮ್ಮ ಕಡೆ ನಳ 24 ಗಂಟೆ ಬರೋದಿಲ್ಲ. ನೀರು ಬರುವಾಗ ಪೈಪ್ ಒಳಗೆ ಒತ್ತಡ ಇರುತ್ತದೆ, ಸಂದಿ ಇದ್ದರೆ ನೀರು ಹೊರಗೆ ಸೋರುತ್ತದೆ. ನಳ ನಿಂತ ಮೇಲೆ ಒತ್ತಡ ಇಳಿದು, ಸುತ್ತಲಿನ ಹೊಲಸು ನೀರು ಅದೇ ಸಂದಿಯಿಂದ ಒಳಗೆ ಬರಬಹುದು. ನಳದ ಲೈನ್‌ಗೆ ನೇರವಾಗಿ ಮೋಟರ್ ಹಚ್ಚಿ ಎಳೆದರೆ ಇನ್ನೂ ಕೆಟ್ಟದ್ದು, ಆಗ ನಾವೇ ಹೊಲಸನ್ನ ಹೀರಿದ ಹಾಗೆ.

2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಮೇನಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹೀಗೇ ಆಗಿ ಒಂದು ಮಗು ಹೋಯಿತು. ಅವು ಊರಿನ ಸರಬರಾಜಿನ ಕಥೆ, ಮನೆ ಪ್ಲಂಬರ್‌ದಲ್ಲ. ಆದರೆ ಊರಿಗೆ ಆಗೋದು ಒಂದು ಮನೆಗೂ ಆಗಬಹುದು. ಅಂಗಳದ ಒಳಗಿನ ಪೈಪ್‌ಗೆ ನಾವೇ ಜವಾಬ್ದಾರಿ.

ಈ ವರ್ಷ ದೇವದುರ್ಗದಲ್ಲಿ ಅಜ್ಜಿ ಮನೆಯ ಲೈನ್ ಬದಲಿಸಬೇಕಾಯಿತು. ಕಾಕಾನ ಮನೆಯಲ್ಲಿ ಆಗಿದ್ದು ನೋಡಿ, ಈ ಸಲ ರೇಟ್‌ಗಿಂತ ಮುಂಚೆ ನಾಲ್ಕು ಪ್ರಶ್ನೆ ಕೇಳಿದೆ.

1. ಕೆಲಸ ಎಲ್ಲಿ ಕಲಿತ್ರಿ? ಐಟಿಐಯಲ್ಲಿ ಪ್ಲಂಬರ್ ಟ್ರೇಡ್ ಒಂದು ವರ್ಷದ ಕೋರ್ಸ್. ಕೈಯಿಂದ ಕೆಲಸ ಕಲಿತವರಿಗೂ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಸರ್ಕಾರಿ ಯೋಜನೆಗಳಿವೆ. ಕಾರ್ಮಿಕ ಕಾರ್ಡ್ ಬೇರೆ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ, ಕೆಲಸದ ಗುಣಮಟ್ಟಕ್ಕಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ, ಎರಡು ವರ್ಷದ ಹಿಂದೆ ಮಾಡಿದ ಮನೆ ತೋರಿಸ್ರಿ ಅನ್ನಿ. ಹೊಸ ಕೆಲಸ ಎಲ್ಲರದ್ದೂ ಚೆಂದ ಕಾಣ್ತದೆ.

2. ಯಾವ ಪೈಪ್ ಹಾಕ್ತೀರಿ? ಬಿಸಿನೀರಿಗೆ ಸಿಪಿವಿಸಿ ಬೇಕು, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಪೈಪ್ ಮೇಲೆ ಐಎಸ್ ನಂಬರ್ ಪ್ರಿಂಟ್ ಇರುತ್ತದೆ: ಸಿಪಿವಿಸಿಗೆ 15778, ಕುಡಿಯೋ ನೀರಿನ ಪಿವಿಸಿಗೆ 4985, ಮನೆಯ ಡ್ರೈನೇಜ್ ಪೈಪ್‌ಗೆ 13592. ಓದಿ ನೋಡಿ. ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದಿರೋ ಪಿವಿಸಿ ನಮ್ಮ ಬೇಸಿಗೆಗೆ ಬೇಗ ಮುರುಕಾಗ್ತದೆ, ಅದನ್ನ ಹೇಗೆ ಮುಚ್ತಾರೆ ಅಂತಲೂ ಕೇಳಿ.

3. ಡ್ರೈನೇಜ್ ಎಲ್ಲಿ, ನಳದ ಪೈಪ್ ಎಲ್ಲಿ? ಎರಡೂ ಸಾಧ್ಯವಾದಷ್ಟು ದೂರ ಇರಬೇಕು. ದಾಟಲೇಬೇಕಾದ ಕಡೆ ಕುಡಿಯೋ ನೀರು ಮೇಲೆ, ಡ್ರೈನೇಜ್ ಕೆಳಗೆ. ಮನೆಯಲ್ಲಿ ಒಂದು ಹಾಳೆ ಮೇಲೆ ಗೆರೆ ಎಳೆದು ತೋರಿಸೋಕೆ ಹೇಳಿ.

4. ಗೋಡೆ ಮುಚ್ಚೋ ಮುಂಚೆ ಪ್ರೆಷರ್ ಟೆಸ್ಟ್ ಮಾಡ್ತೀರಾ? ಇದೇ ಮುಖ್ಯ. ಟಾಕಿ ತುಂಬಿಸಿ "ನೋಡ್ರಿ, ಸೋರಲ್ಲ" ಅನ್ನೋದು ಟೆಸ್ಟ್ ಅಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸ್ ನೆನಪಿದೆಯಾ? 10 ಮೀಟರ್ ನೀರಿನ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಐದು ಮೀಟರ್ ಮೇಲಿನ ಟಾಕಿ ಅಂದ್ರೆ ಅರ್ಧ ಬಾರ್ ಅಷ್ಟೇ. ಜಾಯಿಂಟ್‌ನ ಸೊಲ್ಯೂಷನ್ ಪೂರ್ತಿ ಒಣಗಿದ ಮೇಲೆ ಕೈಪಂಪ್‌ನಿಂದ ಅದಕ್ಕಿಂತ ಜಾಸ್ತಿ ಒತ್ತಡ ಕೊಟ್ಟು, ಗೇಜ್‌ನ ಮುಳ್ಳು ಇಳೀತದಾ ಅಂತ ನೋಡಬೇಕು.

ಮೊದಲು ಬಂದವರು ನಾಲ್ಕನೇ ಪ್ರಶ್ನೆಗೇ ಸಿಟ್ಟಾದ್ರು. ಅಜ್ಜಿ ನಕ್ಕು, "ಪರೀಕ್ಷಾ ನಿಂದೋ, ಅವ್ರದೋ?" ಅಂದಳು. ಎರಡನೆಯವರು ಐವತ್ತು ದಾಟಿದವರು, ಅಪ್ಪನ ಹತ್ರ ಕೆಲಸ ಕಲಿತವರು, ಯಾವ ಸರ್ಟಿಫಿಕೇಟೂ ಇಲ್ಲ. ಮೋಟರ್ ಬಗ್ಗೆ ನಾನು ಕೇಳೋ ಮುಂಚೆಯೇ, "ತಮ್ಮಾ, ನಳಕ್ಕ ಸೀದಾ ಮೋಟರ್ ಹಚ್ಚಂದ್ರ ನಾ ಹಚ್ಚಂಗಿಲ್ಲ. ಮೊದ್ಲು ಸಂಪಿಗೆ ಬಿಡ್ರಿ, ಅಲ್ಲಿಂದ ಎತ್ರಿ" ಅಂದ್ರು. ಗೌಂಡಿಗೆ ಫೋನ್ ಮಾಡಿ, ಟೆಸ್ಟ್ ಆಗೋತನಕ ಗೋಡೆ ಮುಟ್ಟಬೇಡ ಅಂತ ಅವರೇ ಹೇಳಿದ್ರು. ಕೆಲಸಕ್ಕೆ ಎರಡು ದಿನ ಜಾಸ್ತಿ ಹಿಡೀತು, ದುಡ್ಡೂ ಸ್ವಲ್ಪ ಜಾಸ್ತಿ ಆಯ್ತು. ಟೆಸ್ಟ್‌ನಲ್ಲಿ ಒಂದು ಎಲ್ಬೋ ಸೋರಿದ್ದು ಸಿಕ್ಕಿತು, ಕತ್ತರಿಸಿ ಹೊಸದು ಹಾಕಿದ್ರು. ಟೈಲ್ಸ್ ಹಾಕಿದ ಮೇಲೆ ಅದು ಸಿಕ್ಕಿದ್ದರೆ ಎಷ್ಟು ಖರ್ಚಾಗ್ತಿತ್ತು ಅಂತ ಕಾಕಾನನ್ನೇ ಕೇಳಬೇಕು.

ಅದಕ್ಕೇ ನನಗೆ ಈಗ ಅನ್ನಿಸೋದು, ಸರ್ಟಿಫಿಕೇಟ್ ಇದ್ದರೆ ಒಳ್ಳೇದು, ಆದರೆ ಮುಚ್ಚೋ ಮುಂಚೆ ತನ್ನ ಕೆಲಸ ತೋರಿಸೋನು, ತಪ್ಪು ಕೆಲಸಕ್ಕೆ "ಆಗಲ್ಲ" ಅನ್ನೋನು ಇನ್ನೂ ಒಳ್ಳೇದು.

ರೇಟ್, ಪೈಪ್‌ನ ಕಂಪನಿ, ಎಷ್ಟು ದಿನದವರೆಗೆ ಸೋರಿದ್ರೆ ಪುಕ್ಕಟೆ ರಿಪೇರಿ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಟೆಸ್ಟ್ ಆದ ಮೇಲೆ ಕೊಡಿ. ಗೋಡೆ ಮುಚ್ಚೋ ಮುಂಚೆ ಟೇಪ್ ಹಿಡಿದು ಪೈಪ್‌ನ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಮುಂದೆ ಯಾರಾದ್ರೂ ಮೊಳೆ ಹೊಡೆಯುವಾಗ ನಿಮ್ಮನ್ನೇ ನೆನೆಸ್ತಾರೆ!